ಸಂತೆ ದಿನ ನೋಡಿಕೊಂಡು ಹೈ ಅಟ್ಲಾಸ್ ದಾಟಿದ್ದು

ಮೊರಾಕೊದ ಹೈ ಅಟ್ಲಾಸ್ ಬೆಟ್ಟಗಳನ್ನು ಸ್ವಂತವಾಗಿ ಸುತ್ತಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಯಾವ ಊರಿನ ಸಂತೆ ಯಾವತ್ತು ಅಂತ ತಿಳಿದುಕೊಳ್ಳಿ. ಹೋಟೆಲ್ಲು, ಬುಕಿಂಗು ಎಲ್ಲ ಆಮೇಲೆ. ಒಳಗಿನ ಬೆಟ್ಟದೂರುಗಳಲ್ಲಿ ಗಾಡಿಗಳು ಓಡುವುದೇ ಹೆಚ್ಚಾಗಿ ಸಂತೆಗೋಸ್ಕರ. ಸಂತೆ ದಿನ ಬೆಳಗಿನ ಜಾವ ಹಳ್ಳಿಗಳಿಂದ ವ್ಯಾನುಗಳು ಇಳಿದು ಬರುತ್ತವೆ. ಮಧ್ಯಾಹ್ನ ಜನ, ಸಾಮಾನು ತುಂಬಿಕೊಂಡು ವಾಪಸ್ ಹತ್ತುತ್ತವೆ. ಆ ವ್ಯಾನು ಹಿಡಿದರೆ ಯಾವ ಟೂರ್ ಕಂಪನಿಯೂ ಬೇಡ.

2025ರ ಮೇ ತಿಂಗಳಲ್ಲಿ ನಾನೂ ಅಕ್ಕನೂ ಹೀಗೆ ಹೋಗಿಬಂದೆವು. ಮರಾಕೇಶ್‌ನಿಂದ ತಿಶ್ಕಾ ಘಾಟಿ ದಾಟಿ ದಕ್ಷಿಣದ ವರ್ಝಝಾತ್. ಅಲ್ಲಿಂದ ಪೂರ್ವಕ್ಕೆ ಟಿಂಘಿರ್. ಟಿಂಘಿರ್‌ನಲ್ಲಿ ಮತ್ತೆ ಉತ್ತರಕ್ಕೆ ತಿರುಗಿ, ತೋದ್ರಾ ಕಮರಿಯ ಒಳಗಿಂದ ಬೆಟ್ಟ ಹತ್ತಿ ಅಗೂದಾಲ್, ಇಮಿಲ್ಶಿಲ್. ಕೊನೆಗೆ ಬೆನಿ ಮೆಲ್ಲಾಲ್ ಬಯಲಿಗೆ ಇಳಿದೆವು. ಅಂದರೆ ಒಂದೇ ಬೆಟ್ಟಸಾಲನ್ನು ಹೋಗುತ್ತಾ ಒಂದು ಕಡೆ, ಬರುತ್ತಾ ಇನ್ನೊಂದು ಕಡೆ ದಾಟಿದ ಹಾಗಾಯಿತು.

ಮೇ ತಿಂಗಳನ್ನು ಬೇಕಂತಲೇ ಆರಿಸಿಕೊಂಡಿದ್ದು. ಚಳಿಗಾಲದಲ್ಲಿ ಹಿಮ ಬಿದ್ದು ಘಾಟಿಗಳು ಮುಚ್ಚುತ್ತವೆ. ಜುಲೈ, ಆಗಸ್ಟ್‌ನಲ್ಲಿ ಬೆಟ್ಟದ ಮೇಲೆ ಹಿತವಾಗಿದ್ದರೂ ದಕ್ಷಿಣದ ಬಯಲು ಕಾದ ಹೆಂಚು. ಮೇ ತಿಂಗಳಲ್ಲಿ ಹಿಮ ಕರಗಿದ ನೀರು ಹೊಳೆಗಳಲ್ಲಿ ಇರುತ್ತದೆ, ಬಾರ್ಲಿ ಹೊಲಗಳು ಹಸಿರಾಗಿರುತ್ತವೆ. ಸೆಪ್ಟೆಂಬರ್ ಕೂಡ ಒಳ್ಳೆಯದೇ. ಆಗ ಇಮಿಲ್ಶಿಲ್ ಹತ್ತಿರ ದೊಡ್ಡ ಜಾತ್ರೆ ನಡೆಯುತ್ತದೆ. ಜನ ಜಾಸ್ತಿ ಇರುತ್ತಾರೆ, ಅಷ್ಟೇ.

ಟೂಬ್ಕಾಲ್ ಶಿಖರ ಯಾಕೆ ಬಿಟ್ಟಿರಿ ಅಂತ ತುಂಬ ಜನ ಕೇಳಿದರು. 4,167 ಮೀಟರ್ ಎತ್ತರದ ಟೂಬ್ಕಾಲ್ ಇಡೀ ಉತ್ತರ ಆಫ್ರಿಕಾದಲ್ಲೇ ಎತ್ತರದ್ದು. 2018ರ ಡಿಸೆಂಬರ್‌ನಲ್ಲಿ ಅಲ್ಲಿ ಇಬ್ಬರು ಪ್ರವಾಸಿ ಹೆಣ್ಣುಮಕ್ಕಳ ಕೊಲೆ ಆಯಿತು. ಆಮೇಲೆ ಗೈಡ್ ಇಲ್ಲದೆ ಅದನ್ನು ಹತ್ತಲು ಬಿಡುವುದಿಲ್ಲ, ದಾರಿಯಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಅದು ಸರಿಯೇ. ಆದರೆ ನಮಗೆ ಬೇಕಾಗಿದ್ದು ಶಿಖರ ಅಲ್ಲ, ಊರುಗಳು. ಇನ್ನೊಂದು ಕಾರಣವೂ ಇತ್ತು. 2023ರ ಸೆಪ್ಟೆಂಬರ್ 8ರ ರಾತ್ರಿ 6.8 ತೀವ್ರತೆಯ ಭೂಕಂಪ ಆಗಿದ್ದು ಟೂಬ್ಕಾಲ್ ಇರುವ ಪಶ್ಚಿಮ ಭಾಗದಲ್ಲೇ. 2,900ಕ್ಕೂ ಹೆಚ್ಚು ಜನ ಸತ್ತರು. 12ನೇ ಶತಮಾನದ ತಿನ್ಮೆಲ್ ಮಸೀದಿ ಕೂಡ ಬಹುಪಾಲು ಕುಸಿಯಿತು. ಮನೆ ಕಳೆದುಕೊಂಡವರು ಇನ್ನೂ ಕಟ್ಟಿಕೊಳ್ಳುತ್ತಿರುವಾಗ ಸುಮ್ನೆ ನೋಡಲು ಹೋಗುವುದು ಅಕ್ಕನಿಗೆ ಇಷ್ಟವಾಗಲಿಲ್ಲ. ಹೋಗಿ ಅಲ್ಲಿ ಉಳಿದು ನಾಲ್ಕು ಕಾಸು ಖರ್ಚು ಮಾಡಿದರೆ ಅವರಿಗೇ ಒಳ್ಳೆಯದು ಅನ್ನುವವರೂ ಇದ್ದಾರೆ. ಆ ಮಾತೂ ನನಗೆ ಸರಿ ಅನ್ನಿಸುತ್ತದೆ.

ಈಗ ಗಾಡಿಗಳ ವಿಷಯ. ದೊಡ್ಡ ಊರುಗಳ ನಡುವೆ ಸಿಟಿಎಂ, ಸುಪ್ರಾತೂರ್ ಅಂತ ಒಳ್ಳೆಯ ಬಸ್ಸುಗಳಿವೆ. ಸೀಟು ನಂಬರ್ ಇರುತ್ತದೆ, ಹೊರಡುವ ಸಮಯಕ್ಕೆ ಹೊರಡುತ್ತವೆ, ಸಿಟಿಎಂನಲ್ಲಿ ಲಗೇಜಿಗೆ ಬೇರೆ ಚೀಟಿ ಕೊಡುತ್ತಾರೆ. ಅದರ ಕೆಳಗಿನ ಹಂತದ ಖಾಸಗಿ ಬಸ್ಸುಗಳು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತವೆ. ಆಮೇಲೆ ಗ್ರಾಂಡ್ ಟ್ಯಾಕ್ಸಿ. ನಮ್ಮ ಶೇರ್ ಆಟೋ ಥರಾನೇ, ಜನ ತುಂಬಿದ ಮೇಲೆಯೇ ಹೊರಡುವುದು. ಹಿಂದೆ ಇವೆಲ್ಲ ಹಳೇ ಮರ್ಸಿಡಿಸ್ ಕಾರುಗಳು. ಮುಂದೆ ಇಬ್ಬರು, ಹಿಂದೆ ನಾಲ್ವರು ಒತ್ತಿಕೊಂಡು ಕೂರಬೇಕಿತ್ತು. ಹಳೇ ಕಾರು ಬಿಟ್ಟುಕೊಟ್ಟವರಿಗೆ ಸರ್ಕಾರ ಸಹಾಯಧನ ಕೊಟ್ಟಿತು. ಈಗ ಹೆಚ್ಚಿನವು ಡಾಸಿಯಾ ಲಾಡ್ಜಿ. ಆದರೆ ಲೆಕ್ಕ ಅದೇ, ಆರು ಜನ. ದರ ಕೇಳುವಾಗ ‘ಒಂದು ಪ್ಲಾಸ್ ಎಷ್ಟು’ ಅಂತಲೇ ಕೇಳಬೇಕು. ಪ್ಲಾಸ್ ಅಂದರೆ ಸೀಟು. ಬರೀ ‘ಎಷ್ಟು’ ಅಂದರೆ ಇಡೀ ಕಾರಿನ ಬಾಡಿಗೆ ಹೇಳುತ್ತಾರೆ. ತುಂಬ ಹೊತ್ತು ಕಾದರೂ ಒಂದು ಸೀಟು ಖಾಲಿ ಉಳಿದರೆ ಅದರ ದುಡ್ಡನ್ನು ನಾವೇ ಕೊಟ್ಟು ಹೊರಡಿಸಬಹುದು. ಎಷ್ಟೋ ಸಲ ಉಳಿದವರೂ ಪಾಲು ಹಾಕುತ್ತಾರೆ.

ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುತ್ತಾ ಓಡಾಡುವವನಿಗೆ ಅಲ್ಲಿ ಕುರ್ತಿ ಅನ್ನುತ್ತಾರೆ. ಪ್ರವಾಸಿಗರಲ್ಲಿ ತುಂಬ ಜನ ಇವನನ್ನು ದಲ್ಲಾಳಿ ಅಂತ ದೂರ ಇಡುತ್ತಾರೆ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಸರಿಯಾದ ಮಾಹಿತಿ ಸಿಕ್ಕಿದ್ದು ಇವರಿಂದಲೇ. ಯಾವ ವ್ಯಾನು ಯಾವ ಊರಿನದು, ಅದರ ಡ್ರೈವರ್ ಈಗ ಎಲ್ಲಿ ಊಟ ಮಾಡುತ್ತಿದ್ದಾನೆ, ಎಲ್ಲವೂ ಅವನಿಗೆ ಗೊತ್ತು.

ಮರಾಕೇಶ್‌ನಿಂದ ವರ್ಝಝಾತ್‌ಗೆ ಸುಮಾರು 200 ಕಿ.ಮೀ. ಅದಕ್ಕೇ ಬಸ್ಸು ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ಹೊರಟು ಸ್ವಲ್ಪ ಹೊತ್ತಿಗೆ ಬಸ್ಸಿನ ಹುಡುಗ ಎಲ್ಲರಿಗೂ ಪ್ಲಾಸ್ಟಿಕ್ ಕವರ್ ಹಂಚಿದ. ವಾಂತಿ ಬಂದರೆ ಇರಲಿ ಅಂತ. ತಿಶ್ಕಾ ಘಾಟಿಯ ತುದಿ 2,260 ಮೀಟರ್. ಫ್ರೆಂಚರು 1930ರ ದಶಕದಲ್ಲಿ ಮಾಡಿಸಿದ ರಸ್ತೆ ಇದು. ಅದಕ್ಕೂ ಮೊದಲು ಒಂಟೆ, ಹೇಸರಗತ್ತೆಗಳ ದಾರಿ ಪಕ್ಕದ ತೆಲೂಯೆತ್ ಊರಿನ ಮೇಲೆ ಹೋಗುತ್ತಿತ್ತು. ಆ ದಾರಿ ಗ್ಲಾವಿ ಮನೆತನದ ಕೈಯಲ್ಲಿತ್ತು. ಆ ಮನೆತನದ ಥಾಮಿ ಎಲ್ ಗ್ಲಾವಿ ಫ್ರೆಂಚರ ಜೊತೆ ಸೇರಿ ಮರಾಕೇಶ್‌ನ ಪಾಶಾ, ಅಂದರೆ ನಗರದ ಆಡಳಿತಾಧಿಕಾರಿ, ಆಗಿ ಮೆರೆದವನು. ಅವನು 1956ರಲ್ಲಿ ಸತ್ತ. ತೆಲೂಯೆತ್‌ನ ಅವರ ಅರಮನೆ ಈಗ ಮುಕ್ಕಾಲು ಪಾಳು. ಹೊಸ ರಸ್ತೆ ಬೇರೆ ಕಡೆ ಹೋಗಿದ್ದೇ ಸಾಕಾಯಿತು, ಊರು ಮೂಲೆಗೆ ಬಿತ್ತು. ಬೆಟ್ಟದಲ್ಲಿ ರಸ್ತೆ ಅಂದರೆ ಅಧಿಕಾರ ಅಂತ ನನಗೆ ಚೆನ್ನಾಗಿ ಅರ್ಥವಾಗಿದ್ದು ಇಲ್ಲೇ.

ಘಾಟಿಯ ಈ ಕಡೆ ಓಕ್ ಮರ, ಆಕ್ರೋಟ್ ತೋಪು. ಆ ಕಡೆ ಇಳಿದರೆ ಮರಗಳೇ ಇಲ್ಲ, ಕೆಂಪು ಮಣ್ಣು, ಬೋಳು ಕಲ್ಲು. ಹಸಿರೇನಿದ್ದರೂ ಹೊಳೆಯ ಎರಡು ದಂಡೆಯಲ್ಲಿ ಒಂದೊಂದು ಪಟ್ಟಿ.

ಐತ್ ಬೆನ್ಹದ್ದೂಗೆ ಹೆದ್ದಾರಿಯಲ್ಲೇ ಇಳಿದು ಒಳಗೆ ಸುಮಾರು 9 ಕಿ.ಮೀ. ಶೇರ್ ಟ್ಯಾಕ್ಸಿಯಲ್ಲಿ ಹೋದೆವು. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಮಣ್ಣಿನ ಊರು. ಒದ್ದೆ ಮಣ್ಣನ್ನು ಹಲಗೆಗಳ ನಡುವೆ ಹಾಕಿ ಕುಟ್ಟಿ ಕುಟ್ಟಿ ಗೋಡೆ ಎಬ್ಬಿಸಿದ್ದಾರೆ. ನೋಡಲು ಬಹಳ ಚಂದ. ಆದರೆ ಹೊಳೆಯ ಆಚೆ ದಂಡೆಯ ಹೊಸ ಊರಿಗೆ ಹೆಚ್ಚಿನ ಮನೆಯವರು ಹೋಗಿಬಿಟ್ಟಿದ್ದಾರೆ. ಒಳಗೆ ಉಳಿದ ಕುಟುಂಬಗಳು ಕೆಲವೇ. ಮಿಕ್ಕಿದ್ದೆಲ್ಲ ಅಂಗಡಿ. ಬೆಳಗ್ಗೆ ಬೇಗ ನೋಡಿಕೊಂಡು ಹೊರಟುಬಿಡುವುದೇ ಒಳ್ಳೆಯದು.

ವರ್ಝಝಾತ್‌ನಿಂದ ಹೊರಟಾಗ ಬಯಲಿನಲ್ಲಿ ಒಂದು ಗೋಪುರದ ತಲೆ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು. ನೂರ್ ಸೌರ ವಿದ್ಯುತ್ ಸ್ಥಾವರದ ಸುಮಾರು 250 ಮೀಟರ್ ಎತ್ತರದ ಗೋಪುರ ಅದು. ಸುತ್ತ ನಿಂತ ಕನ್ನಡಿಗಳು ಬಿಸಿಲನ್ನೆಲ್ಲ ಅದರ ನೆತ್ತಿಗೆ ಎಸೆಯುತ್ತವೆ. ಅಲ್ಲಿಂದ ಮುಂದೆ ಕೆಲಾತ್ ಮಗೂನಾ. ಮೇ ಅಂದರೆ ಗುಲಾಬಿ ಕೊಯ್ಯುವ ಕಾಲ. ಬಿಸಿಲೇರಿದರೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ ಅಂತ ಹೆಂಗಸರು ಸೂರ್ಯ ಹುಟ್ಟುವ ಹೊತ್ತಿಗೇ ಹೂ ಬಿಡಿಸುತ್ತಾರೆ. ಗುಲಾಬಿಗೆ ಬೇರೆ ತೋಟ ಇಲ್ಲ, ಬಾರ್ಲಿ ಹೊಲಗಳ ಬೇಲಿಯೇ ಗುಲಾಬಿ. ಟ್ಯಾಕ್ಸಿ ನಿಂತ ಕಡೆಯೆಲ್ಲ ಮಕ್ಕಳು ಹೂವಿನ ಹಾರ ಹಿಡಿದು ಓಡಿ ಬಂದರು. ಅಕ್ಕ ಒಂದು ಹಾರ ತಗೊಂಡು ಮುರಿದು ಮುಡಿದುಕೊಂಡಳು. ಟ್ಯಾಕ್ಸಿಯಲ್ಲಿದ್ದ ಅಜ್ಜಿಗೆ ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಟಿಂಘಿರ್ ತನಕ ಅಕ್ಕನ ಕೈ ಹಿಡಿದೇ ಕೂತಿದ್ದರು.

ನಾವು ಇಂಡಿಯಾದವರು ಅಂತ ಗೊತ್ತಾದರೆ ಸಾಕು, ಶಾರುಖ್ ಖಾನ್ ಹೆಸರು ಬಂದೇ ಬರುತ್ತದೆ. ಹಿಂದಿ ಸಿನಿಮಾ ಅಲ್ಲಿ ಹಿಂದಿನಿಂದಲೂ ಜನಪ್ರಿಯ. ವಯಸ್ಸಾದ ಡ್ರೈವರುಗಳಿಗೆ ಹಳೇ ಹಿಂದಿ ಹಾಡುಗಳು ಬಾಯಿಗೆ ಬರುತ್ತವೆ. ಈ ಪ್ರೀತಿಯಿಂದ ನಮ್ಮ ಪ್ರಯಾಣಕ್ಕೆ ಆದ ಉಪಕಾರ ಸಣ್ಣದಲ್ಲ.

ಟಿಂಘಿರ್‌ನ ಸಂತೆ ಸೋಮವಾರ. ಅದಕ್ಕೆ ಹೊಂದುವ ಹಾಗೆಯೇ ನಾವು ಭಾನುವಾರ ಅಲ್ಲಿಗೆ ಸೇರಿದ್ದು. ಸಂತೆಗೆ ಹೋಗುವ ಮೊದಲು ಎಟಿಎಂನಿಂದ ದುಡ್ಡು ತೆಗೆದಿಟ್ಟುಕೊಂಡೆವು. ಮೇಲಿನ ಹಳ್ಳಿಗಳಲ್ಲಿ ಕಾರ್ಡು ನಡೆಯುವುದಿಲ್ಲ. ದಿರ್ಹಮ್ ನೋಟುಗಳನ್ನು ಬೆಂಗಳೂರಿನಿಂದಲೇ ಮಾಡಿಸಿಕೊಂಡು ಹೋಗೋಣ ಅನ್ನುವ ಹಾಗೂ ಇಲ್ಲ, ಅಲ್ಲೇ ಹೋಗಿ ತೆಗೆಯಬೇಕು. ನಾವು ಹೋದಾಗ ಒಂದು ದಿರ್ಹಮ್‌ಗೆ ಸುಮಾರು 9 ರೂಪಾಯಿ. 200ರ ನೋಟು ಹಳ್ಳಿ ಅಂಗಡಿಯಲ್ಲಿ ಮುರಿಯುವುದು ಕಷ್ಟ, ಚಿಲ್ಲರೆ ಇರಲೇಬೇಕು.

ಇನ್ನೊಂದು ಉಪಯೋಗದ ವಿಷಯ. ಮೊರಾಕೊದ ಮ್ಯಾಪಿನಲ್ಲಿ ಎಷ್ಟೋ ಊರಿನ ಹೆಸರಲ್ಲೇ ಸಂತೆಯ ವಾರ ಇರುತ್ತದೆ. ಹದ್ ಅಂದರೆ ಭಾನುವಾರ, ತ್ನೀನ್ ಸೋಮವಾರ, ತ್ಲಾತಾ ಮಂಗಳವಾರ, ಅರ್ಬಾ ಬುಧವಾರ, ಖೆಮೀಸ್ ಗುರುವಾರ, ಸೆಬ್ತ್ ಶನಿವಾರ. ಮ್ಯಾಪು ನೋಡಿಯೇ ಅರ್ಧ ಪ್ಲಾನ್ ಮಾಡಬಹುದು.

ಸೋಮವಾರ ಹನ್ನೊಂದರ ಹೊತ್ತಿಗೆ ಸಂತೆ ಮಾಳದ ಪಕ್ಕ ವ್ಯಾನುಗಳು ಸಾಲಾಗಿ ನಿಂತಿದ್ದವು. ಬೋರ್ಡು ಯಾವುದಕ್ಕೂ ಇಲ್ಲ. ಕುರ್ತಿಯನ್ನು ಕೇಳಿದೆವು. ಅವನು ನಮ್ಮನ್ನು ಒಂದು ಬಿಳಿ ಫೋರ್ಡ್ ಟ್ರಾನ್ಸಿಟ್ ಹತ್ತಿರ ಕರೆದುಕೊಂಡು ಹೋದ. ಅಗೂದಾಲ್ ಗಾಡಿ. ‘ಯಾವಾಗ ಹೊರಡುತ್ತದೆ?’ ಅಂದರೆ, ‘ಸಾಮಾನು ಏರಿಸಿ ಮುಗಿದ ಮೇಲೆ ಖ್ತಿ’ ಅಂದ. ಖ್ತಿ ಅಂದರೆ ತಂಗಿ, ಅಕ್ಕ. ಗುರುತಿಲ್ಲದ ಹೆಂಗಸರನ್ನು ಅಲ್ಲಿ ಹಾಗೇ ಕರೆಯುತ್ತಾರೆ. ನಾವೂ ಗಂಡಸರನ್ನು ಖೂಯಾ, ಅಣ್ಣ, ಅಂತಲೇ ಕರೆಯುತ್ತಿದ್ದೆವು.

ಸಾಮಾನು ಏರಿಸುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಟಾಪಿನ ಮೇಲೆ, ಇನ್ನೊಬ್ಬ ಕೆಳಗೆ. ಮೊದಲು ಹಿಟ್ಟಿನ ಮೂಟೆಗಳು, ಅಡಿಪಾಯದ ಹಾಗೆ ಒತ್ತೊತ್ತಾಗಿ. ಅದರ ಮೇಲೆ ಗ್ಯಾಸ್ ಸಿಲಿಂಡರುಗಳು, ಒಂದಕ್ಕೊಂದು ತಾಗದ ಹಾಗೆ ನಡುವೆ ಗೋಣಿಚೀಲ ತುರುಕಿ. ಅಲ್ಲಿ ಇದಕ್ಕೆ ಬೂಟಾ ಅನ್ನುತ್ತಾರೆ. 12 ಕಿಲೋದ ಬೂಟಾಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ. 2024ರ ಮೇ ತಿಂಗಳಲ್ಲಿ ಬೆಲೆ 40 ದಿರ್ಹಮ್‌ನಿಂದ 50ಕ್ಕೆ ಏರಿತ್ತು. ಬೆಟ್ಟದ ಮನೆಗೆ ಹತ್ತು ದಿರ್ಹಮ್ ಏನೂ ಕಮ್ಮಿಯಲ್ಲ. ಸಿಲಿಂಡರಿನ ಮೇಲೆ ಈರುಳ್ಳಿ ಚೀಲ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಬಾಗಿಲ ಚೌಕಟ್ಟು, ಕೊನೆಗೆ ನಮ್ಮ ಬ್ಯಾಗು. ಎಲ್ಲದರ ಮೇಲೆ ಬಲೆ ಹಾಸಿ ಹಗ್ಗ ಬಿಗಿದರು. ಒಂದೊಂದು ಮೂಟೆ ಯಾವ ಮನೆಯದು ಅಂತ ಎಲ್ಲೂ ಬರೆದಿರಲಿಲ್ಲ. ಆದರೆ ಮೇಲೆ ಹೋದಾಗ ಪ್ರತಿ ನಿಲ್ದಾಣದಲ್ಲೂ ಸರಿಯಾದ ಮೂಟೆ ಸರಿಯಾದ ಮನೆಯ ಮುಂದೆ ಇಳಿಯಿತು. ಕೆಲವಕ್ಕೆ ಮಾಲೀಕರೂ ವ್ಯಾನಿನಲ್ಲಿ ಇರಲಿಲ್ಲ. ಬೆಳಗ್ಗೆ ಡ್ರೈವರ್ ಕೈಗೆ ಚೀಟಿ, ದುಡ್ಡು ಕೊಟ್ಟು ಕಳಿಸಿದವರು. ಔಷಧಿಯನ್ನೂ ಅವನೇ ತರುತ್ತಾನೆ. ಇಂಥ ಡ್ರೈವರ್ ಒಂದು ಊರಿಗೆ ಎಷ್ಟು ದೊಡ್ಡ ಆಸರೆ ಅಂತ ಕಾರಿನಲ್ಲಿ ಹೋದವರಿಗೆ ಹೇಗೆ ಗೊತ್ತಾಗಬೇಕು?

ಹೆಂಗಸರನ್ನೆಲ್ಲ ಒಂದೇ ಕಡೆ ಕೂರಿಸಿದರು. ನಮ್ಮಿಬ್ಬರ ಪಕ್ಕ ಒಬ್ಬ ಬಾಣಂತಿ, ಮಡಿಲಲ್ಲಿ ಕೂಸು. ಗಂಟೆ ಎರಡು ದಾಟಿದ ಮೇಲೆ ಹೊರಟೆವು.

ಟಿಂಘಿರ್ ದಾಟಿದರೆ ಖರ್ಜೂರದ ತೋಟಗಳು. ಸುಮಾರು 15 ಕಿ.ಮೀ. ಆದ ಮೇಲೆ ತೋದ್ರಾ ಕಮರಿ. ಎರಡೂ ಕಡೆ 300 ಮೀಟರ್‌ನಷ್ಟು ನೆಟ್ಟಗೆ ನಿಂತ ಬಂಡೆ. ನಡುವೆ ಒಂದು ರಸ್ತೆ, ಒಂದು ತಿಳಿನೀರಿನ ತೊರೆ. ಟೂರ್ ಬಸ್ಸುಗಳೆಲ್ಲ ಇಲ್ಲಿ ನಿಂತು ಫೋಟೋ ತೆಗೆಸಿ ವಾಪಸ್ ತಿರುಗುತ್ತವೆ. ನಮ್ಮ ವ್ಯಾನು ನಿಲ್ಲಲಿಲ್ಲ. ಮುಂದೆ ಕಮರಿ ಅಗಲವಾಗಿ ತಮ್ತತ್ತೂಶ್ತ್ ಊರು ಬಂತು. ಆಮೇಲೆ ಐತ್ ಹಾನಿ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ 2,700 ಮೀಟರ್ ಆಸುಪಾಸಿನ ಘಾಟಿಗೆ ಹತ್ತುತ್ತದೆ. ಹಿಂದೆ ಇದು ಬರೀ ಕಲ್ಲುಮಣ್ಣಿನ ದಾರಿ. ಈಗ ಡಾಂಬರು ಇದೆ. ಮಳೆ ಬಂದರೆ ಮಾತ್ರ ಭರವಸೆ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೊರಾಕೊದ ದಕ್ಷಿಣದಲ್ಲಿ ದೊಡ್ಡ ನೆರೆ ಬಂದು ರಸ್ತೆ, ಸೇತುವೆಗಳು ಕೊಚ್ಚಿಹೋಗಿದ್ದವು. ಹೊರಡುವ ದಿನ ಮೇಲಿನ ರಸ್ತೆ ಹೇಗಿದೆ ಅಂತ ಡ್ರೈವರುಗಳನ್ನೇ ಕೇಳಬೇಕು, ಫೋನಿನ ಮ್ಯಾಪು ಅದನ್ನು ಹೇಳುವುದಿಲ್ಲ.

ಘಾಟಿಯ ಹತ್ತಿರ ವ್ಯಾನು ನಿಂತಿತು. ರಸ್ತೆ ತುಂಬ ಕುರಿ, ಆಡು. ಹಿಂದೆ ಹೇಸರಗತ್ತೆಗಳು, ಎರಡು ಒಂಟೆ. ಒಂಟೆ ಮೇಲೆ ಮಡಚಿದ ಕಪ್ಪು ಡೇರೆ, ಪಾತ್ರೆ, ಕೋಳಿಗಳು. ಐತ್ ಅತ್ತಾ ಬುಡಕಟ್ಟಿನ ಅಲೆಮಾರಿಗಳು. ಚಳಿಗಾಲವನ್ನು ದಕ್ಷಿಣದ ಸಗ್ರೋ ಬೆಟ್ಟದಲ್ಲಿ ಕಳೆದು, ಬೇಸಿಗೆಗೆ ಹುಲ್ಲು ಹುಡುಕಿ ಇಲ್ಲಿಗೆ ಹತ್ತಿ ಬರುತ್ತಾರೆ. ಡ್ರೈವರ್ ಹಾರನ್ ಹೊಡೆಯಲಿಲ್ಲ. ಎಂಜಿನ್ ಆಫ್ ಮಾಡಿ, ಇಳಿದು, ಮುಂದೆ ನಡೆಯುತ್ತಿದ್ದ ಹಿರಿಯನ ಜೊತೆ ಮಾತಾಡಲು ಹೋದ. ವಾಪಸ್ ಬಂದು ನಮಗೆ ಫ್ರೆಂಚಿನಲ್ಲಿ ಹೇಳಿದ. ಹಿಂಡು ಹೋದ ವರ್ಷದ ಅರ್ಧವೂ ಇಲ್ಲವಂತೆ. ಅಷ್ಟು ಹೊತ್ತಿಗೆ ಮೊರಾಕೊದಲ್ಲಿ ಹಲವು ವರ್ಷ ಸತತವಾಗಿ ಬರ ಬಿದ್ದಿತ್ತು. 2025ರ ಫೆಬ್ರವರಿಯಲ್ಲಿ ರಾಜ ಆರನೇ ಮೊಹಮ್ಮದ್, ಕುರಿಗಳ ಸಂಖ್ಯೆ ತೀರಾ ಇಳಿದಿದೆ, ಈ ಸಲದ ಬಕ್ರೀದ್‌ಗೆ ಕುರಿ ಕೊಯ್ಯಬೇಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಸುದ್ದಿಯಲ್ಲಿ ಓದಿದಾಗ ಅದು ಒಳ್ಳೆಯ ನಿರ್ಧಾರ ಅನ್ನಿಸಿತ್ತು. ಆದರೆ ವರ್ಷವಿಡೀ ಸಾಕಿ ಬಕ್ರೀದ್‌ಗೆ ಮಾರುವುದೇ ಇವರ ಆದಾಯ. ಸರ್ಕಾರ ಸಾಕಣೆದಾರರಿಗೆ ನೆರವು ಘೋಷಿಸಿತ್ತು ನಿಜ. ಡೇರೆಯಲ್ಲಿ ಬದುಕುವವರಿಗೆ ಅದು ಹೇಗೆ ತಲುಪಬೇಕು ಅನ್ನುವುದೇ ವ್ಯಾನಿನಲ್ಲಿ ಆಮೇಲೆ ತುಂಬ ಹೊತ್ತು ನಡೆದ ಚರ್ಚೆ.

ಅಗೂದಾಲ್ ಸೇರಿದಾಗ ಬೆಳಕು ಇನ್ನೂ ಇತ್ತು. 2,300 ಮೀಟರ್‌ಗಿಂತ ಮೇಲಿರುವ ಊರು. ಮೊರಾಕೊದಲ್ಲಿ ವರ್ಷಪೂರ್ತಿ ಜನ ವಾಸಿಸುವ ಅತಿ ಎತ್ತರದ ಹಳ್ಳಿಗಳಲ್ಲಿ ಒಂದು. ಮೇ ತಿಂಗಳಲ್ಲೂ ಕೈ ಮರಗಟ್ಟುವ ಚಳಿ. ಇಂಥ ಊರುಗಳಲ್ಲಿ ಉಳಿಯಲು ಜೀತ್ ಅಂತ ಇರುತ್ತದೆ. ಮನೆಯ ಒಂದು ಭಾಗವನ್ನೇ ಪ್ರಯಾಣಿಕರಿಗೆ ಬಿಟ್ಟಿರುತ್ತಾರೆ. ನೆಲದ ಮೇಲೆ ಹಾಸಿಗೆ, ಕಂಬಳಿ, ರಾತ್ರಿ ಊಟ, ಬೆಳಗಿನ ತಿಂಡಿ ಎಲ್ಲ ಸೇರಿ ಒಬ್ಬರಿಗೆ 200 ದಿರ್ಹಮ್ ಆಸುಪಾಸು. ಮೊದಲೇ ಬುಕ್ ಮಾಡಿರಲಿಲ್ಲ. ವ್ಯಾನಿನಲ್ಲಿದ್ದ ಬಾಣಂತಿಯ ಅತ್ತೆ ಮನೆಯೇ ಜೀತ್ ಆಗಿತ್ತು.

ಪೊಲೀಸರಿಗೆ ಕೊಡುವ ಫಾರಂ ತುಂಬಿಸಿಕೊಂಡರು. ಉದ್ಯೋಗ ಏನು ಅಂತ ಅದರಲ್ಲೊಂದು ಕಾಲಂ ಇರುತ್ತದೆ, ಎಲ್ಲ ಊರಲ್ಲೂ ಇದೇ. ಆಮೇಲೆ ಮನೆಯ ಯಜಮಾನಿ ನಮ್ಮನ್ನು ಅತಿಥಿಗಳ ಕೋಣೆಗೆ ಬಿಡದೆ ಸೀದಾ ಅಡುಗೆಮನೆಗೇ ಕರೆದುಕೊಂಡು ಹೋದರು. ಬೆಚ್ಚಗಿರುವ ಕೋಣೆ ಅದೊಂದೇ. ಹೆಂಗಸರಾಗಿ ಪ್ರಯಾಣ ಮಾಡುವುದರ ಲಾಭ ಇದು. ಗಂಡಸರಿಗೆ ಈ ಕೋಣೆಯೊಳಗೆ ಪ್ರವೇಶ ಸಿಗುವುದಿಲ್ಲ. ಯಜಮಾನಿಗೆ ಬರ್ಬರ್ ಜನರ ಭಾಷೆ ತಮಾಝಿಗ್ತ್ ಬಿಟ್ಟು ಬೇರೆ ಭಾಷೆ ಬರದು. ಶಾಲೆಗೆ ಹೋಗುವ ಮಗಳು ಫ್ರೆಂಚಿಗೆ ತಿರುಗಿಸಿ ಹೇಳುತ್ತಿದ್ದಳು. 2011ರಿಂದ ತಮಾಝಿಗ್ತ್ ಅರಬ್ಬಿಯ ಜೊತೆಗೆ ದೇಶದ ಅಧಿಕೃತ ಭಾಷೆ. ಆ ಹುಡುಗಿ ಅದರ ತಿಫಿನಾಗ್ ಲಿಪಿಯಲ್ಲಿ ನಮ್ಮಿಬ್ಬರ ಹೆಸರು ಬರೆದುಕೊಟ್ಟಳು. ಅಕ್ಕ ಅದೇ ಕಾಗದದ ಮೇಲೆ ಅವಳ ಹೆಸರನ್ನು ಕನ್ನಡದಲ್ಲಿ ಬರೆದಳು.

ಚಹಾ ಮಾಡುವುದು ಮನೆಯ ಹಿರಿಯರ ಕೆಲಸ. ಅಜ್ಜ ಬಂದು ಕೂತರು. ಚೀನಾದಿಂದ ಬರುವ ಗುಂಡುಗುಂಡಾದ ಹಸಿರು ಚಹಾ ಎಲೆಯನ್ನು ಟೀ ಪಾಟಿಗೆ ಹಾಕಿ, ಸ್ವಲ್ಪ ಬಿಸಿನೀರು ಬಿಟ್ಟು, ಆ ಮೊದಲ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ಪಕ್ಕಕ್ಕಿಟ್ಟರು. ಎರಡನೇ ನೀರು ಹಾಕಿ ಕುಲುಕಿ ಚೆಲ್ಲಿದರು. ಅದರಲ್ಲಿ ಕಹಿ ಹೋಗುತ್ತದೆ. ತೆಗೆದಿಟ್ಟ ಮೊದಲ ಲೋಟ ವಾಪಸ್ ಪಾಟಿಗೆ. ಸಕ್ಕರೆ ಅಚ್ಚನ್ನು ಸಣ್ಣ ಸುತ್ತಿಗೆಯಿಂದ ಒಡೆದು ದೊಡ್ಡ ದೊಡ್ಡ ತುಂಡು ಹಾಕಿದರು. ಅಷ್ಟು ಎತ್ತರದಲ್ಲಿ ಪುದೀನ ಸುಲಭಕ್ಕೆ ಸಿಗುವುದಿಲ್ಲ, ಅದರ ಬದಲು ಬೆಟ್ಟದ ಥೈಮ್ ಸೊಪ್ಪು. ಕುದಿ ಬಂದ ಮೇಲೆ ಒಂದು ಲೋಟಕ್ಕೆ ಬಗ್ಗಿಸುವುದು, ಪಾಟಿಗೆ ಸುರಿಯುವುದು, ಮತ್ತೆ ಬಗ್ಗಿಸುವುದು. ಚಮಚ ಹಾಕಿ ಕಲಕುವುದೇ ಇಲ್ಲ. ಕೊನೆಗೆ ತಾವೇ ಒಂದು ಗುಟುಕು ರುಚಿ ನೋಡಿ ತಲೆಯಾಡಿಸಿದ ಮೇಲೆ ಎಲ್ಲರಿಗೂ. ಜೊತೆಗೆ ಬಿಸಿ ರೊಟ್ಟಿ, ಆಲಿವ್ ಎಣ್ಣೆ. ಅಕ್ಕ ತನ್ನ ಚಟ್ನಿಪುಡಿ ಡಬ್ಬ ತೆಗೆದಳು. ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಅಜ್ಜನಿಗೆ ಖಾರವಾಯಿತು, ಯಜಮಾನಿಗೆ ತುಂಬ ಹಿಡಿಸಿತು. ಅರ್ಧ ಡಬ್ಬ ಅಲ್ಲೇ ಉಳಿಯಿತು.

ನಾವು ಸಸ್ಯಾಹಾರಿಗಳು. ಊಟದ ಬಗ್ಗೆ ಹೊರಡುವ ಮೊದಲು ಮನೆಯಲ್ಲಿ ಎಲ್ಲರಿಗೂ ಚಿಂತೆಯಿತ್ತು. ನಿಜವಾಗಿ ತೊಂದರೆ ಆಗಲಿಲ್ಲ. ‘ಬ್ಲಾ ಲ್ಹಮ್’, ಮಾಂಸ ಇಲ್ಲದೆ, ಅನ್ನುವ ಎರಡು ಪದ ಸಾಕು. ಆದರೆ ಮಣ್ಣಿನ ಪಾತ್ರೆಯಲ್ಲಿ ಮಾಡುವ ತರಕಾರಿ ತಜೀನ್‌ಗೆ ಮಾಂಸದ ಜೊತೆಯೇ ಬೇಯಿಸಿ ಆಮೇಲೆ ತುಂಡು ತೆಗೆದು ಕೊಡುವುದುಂಟು, ಅದನ್ನು ಮೊದಲೇ ಕೇಳಿಕೊಳ್ಳಬೇಕು. ಹರೀರಾ ಸೂಪಿನಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತದೆ. ಒಣ ಕಾಳನ್ನು ಬೇಯಿಸಿ ಅರೆದ ಬಿಸ್ಸಾರಾ, ಬಿಳಿ ಬೀನ್ಸಿನ ಲೂಬಿಯಾ, ಅದಸ್ ಅನ್ನುವ ಬೇಳೆ ಪಲ್ಯ, ಇವು ಬಸ್‌ಸ್ಟ್ಯಾಂಡಿನ ಸಣ್ಣ ಹೋಟೆಲುಗಳಲ್ಲೂ ಸಿಗುತ್ತವೆ.

ಮರುದಿನ ಊರು ಸುತ್ತಿದೆವು. ಹೆಂಗಸರು ಬೆನ್ನ ಮೇಲೆ ಮುಳ್ಳುಗಿಡದ ಹೊರೆ ಹೊತ್ತು ಬೆಟ್ಟದಿಂದ ಇಳಿಯುತ್ತಿದ್ದರು. ತಮಗಿಂತ ಅಗಲದ ಹೊರೆ. ಚಳಿಗಾಲಕ್ಕೆ ಉರುವಲು ಈಗಿನಿಂದಲೇ ಕೂಡಿಡಬೇಕು. ಇದು ಬದುಕಿನ ಪ್ರಶ್ನೆ, ಅತಿಶಯದ ಮಾತಲ್ಲ. ಇಮಿಲ್ಶಿಲ್ ಸೀಮೆಯ ಅನ್ಫ್ಗೂ ಹಳ್ಳಿಯಲ್ಲಿ 2006-07ರ ಚಳಿಗಾಲದಲ್ಲಿ ಚಳಿ, ಕಾಯಿಲೆಯಿಂದ ಪುಟ್ಟ ಮಕ್ಕಳು ಸತ್ತರು. ಹಿಮ ಬಿದ್ದು ಆಸ್ಪತ್ರೆಗೆ ದಾರಿಯೇ ಇರಲಿಲ್ಲ. ಆಮೇಲೆ ಈ ಭಾಗಕ್ಕೆ ರಸ್ತೆ, ವಿದ್ಯುತ್ ಕೆಲಸ ಚುರುಕಾಯಿತು. ಮಣ್ಣಿನ ಮನೆಗಳ ಚಂದದ ಫೋಟೋ ಹಾಕುವಾಗ ಇದನ್ನೂ ಹೇಳಬೇಕು ಅಂತ ನನಗನ್ನಿಸುತ್ತದೆ.

ಇಮಿಲ್ಶಿಲ್‌ಗೆ ಅಗೂದಾಲ್‌ನಿಂದ ಬೆಳಗಿನ ವ್ಯಾನಿನಲ್ಲಿ ಹೋದೆವು. ಊರಿನ ಹತ್ತಿರ ಎರಡು ಸರೋವರಗಳಿವೆ, ಇಸ್ಲಿ ಮತ್ತು ತಿಸ್ಲಿತ್. ಮದುಮಗ, ಮದುಮಗಳು. ಐತ್ ಹದಿದ್ದೂ ಬುಡಕಟ್ಟಿನ ಎರಡು ಪಂಗಡಗಳ ಹುಡುಗ ಹುಡುಗಿಗೆ ಮದುವೆಯಾಗಲು ಹಿರಿಯರು ಬಿಡಲಿಲ್ಲ, ಅವರ ಕಣ್ಣೀರೇ ಕೆರೆಗಳಾದವು ಅಂತ ಕಥೆ. ಸೆಪ್ಟೆಂಬರ್ ಜಾತ್ರೆಯನ್ನು ಹೊರಗಿನವರು ಮದುವೆ ಜಾತ್ರೆ ಅನ್ನುತ್ತಾರೆ. ಹುಡುಗಿಯರನ್ನು ಸಂತೆಯಲ್ಲಿ ಮಾರುತ್ತಾರೆ ಅಂತ ಬರೆದವರೂ ಇದ್ದಾರೆ. ಅದು ಸುಳ್ಳು. ಸಿದಿ ಅಹ್ಮದ್ ಉಲ್‌ಮಘ್ನಿ ಅನ್ನುವ ಸಂತರ ಗೋರಿಯ ಬಳಿ ನಡೆಯುವ ಜಾತ್ರೆ ಅದು. ಚಳಿಗಾಲಕ್ಕೆ ಮೊದಲು ದನಕರು, ಧಾನ್ಯ, ಬಟ್ಟೆ ಎಲ್ಲದರ ವ್ಯಾಪಾರ ಮುಗಿಸಬೇಕು. ದೂರದೂರದ ಊರಿನವರೆಲ್ಲ ಒಂದೆಡೆ ಸೇರುತ್ತಾರೆ, ಮದುವೆ ಬರೆದುಕೊಳ್ಳುವ ಅಧಿಕಾರಿಯೂ ಅಲ್ಲಿಗೇ ಬರುತ್ತಾರೆ. ಮನೆಯವರು ಮಾತಾಡಿಕೊಂಡ ಜೋಡಿಗಳು ಅಲ್ಲೇ ಕಾಗದಪತ್ರ ಮಾಡಿಸಿಕೊಳ್ಳುತ್ತವೆ.

ತಿಸ್ಲಿತ್ ತನಕ ನಡೆದೇ ಹೋದೆವು. ಗಾಳಿ ವಿಪರೀತ. ನೀರು ಗಾಢ ನೀಲಿ, ಸುತ್ತ ಒಂದು ಮರ ಇಲ್ಲ. ದಂಡೆಯಲ್ಲಿ ಇಬ್ಬರು ಹೆಂಗಸರು ಪಟ್ಟೆಪಟ್ಟೆಯ ಉಣ್ಣೆಯ ಹೊದಿಕೆ ಹೊದ್ದು ಕೂತಿದ್ದರು. ಆ ಪಟ್ಟೆ ನೋಡಿದರೆ ಯಾವ ಪಂಗಡದವರು ಅಂತ ತಿಳಿದವರಿಗೆ ಗೊತ್ತಾಗುತ್ತದೆ. ಫೋಟೋ ತೆಗೆಯಲೇ ಅಂತ ಸನ್ನೆಯಲ್ಲಿ ಕೇಳಿದೆ. ಬೇಡ ಅಂದರು. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಅದಾದ ಮೇಲೆ ಅವರೇ ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟರು.

ಇಮಿಲ್ಶಿಲ್‌ನಿಂದ ಕೆಳಗಿಳಿಯುವ ಗಾಡಿಗಳು ನಸುಕಿನಲ್ಲೇ ಹೊರಡುತ್ತವೆ. ಪಟ್ಟಣದ ಆಸ್ಪತ್ರೆ, ಕೋರ್ಟು, ಬ್ಯಾಂಕು ಕೆಲಸ ಇರುವವರು ಸಂಜೆಯೊಳಗೆ ವಾಪಸ್ ಬರಬೇಕಲ್ವಾ? ಹಿಂದಿನ ರಾತ್ರಿಯೇ ಡ್ರೈವರ್‌ಗೆ ಹೇಳಿಟ್ಟರೆ ಜೀತ್ ಬಾಗಿಲಿಗೇ ಬಂದು ಕರೆಯುತ್ತಾನೆ. ಉತ್ತರಕ್ಕೆ ಇಳಿಯುತ್ತಾ ಹೋದ ಹಾಗೆ ಬೋಳು ಬೆಟ್ಟ ಮುಗಿದು ಓಕ್, ದೇವದಾರು ಮರಗಳ ಕಾಡು ಬಂತು. ಎಲ್ ಕ್ಸೀಬಾದಲ್ಲಿ ಗಾಡಿ ಬದಲಾಯಿಸಿ ಗ್ರಾಂಡ್ ಟ್ಯಾಕ್ಸಿಯಲ್ಲಿ ಬೆನಿ ಮೆಲ್ಲಾಲ್ ಸೇರಿದೆವು. ಆಲಿವ್, ಕಿತ್ತಳೆ ತೋಟಗಳ ಊರು, ಸೆಕೆ. ಮರಾಕೇಶ್‌ಗೂ ಕಾಸಾಬ್ಲಾಂಕಾಗೂ ಇಲ್ಲಿಂದ ಬಸ್ಸುಗಳು ಬೇಕಾದಷ್ಟಿವೆ. ರಜೆ ಇನ್ನೂ ಉಳಿದಿದ್ದರೆ ಬಸ್ಸು ಹತ್ತಬೇಡಿ. ಬೆನಿ ಮೆಲ್ಲಾಲ್‌ನಿಂದ ಅಝಿಲಾಲ್‌ಗೆ ಗ್ರಾಂಡ್ ಟ್ಯಾಕ್ಸಿ ಇದೆ. ಅಝಿಲಾಲ್‌ನಲ್ಲಿ ಯಾರನ್ನು ಬೇಕಾದರೂ ಐತ್ ಬೂಗೆಮ್ಮೆಝ್ ಕಣಿವೆಯ ವ್ಯಾನು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ. ತೋರಿಸುತ್ತಾರೆ.